ಚಾವಡಿಯವರ ಒಪ್ಪಿಗೆ

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು. ಅವನ ಮೇಲೆ ಇನ್ನೊಬ್ಬ ಪ್ರಭುವಿಲ್ಲ. ಈ ಘನವಾದ ಮಾತನ್ನು ನಮ್ಮ ಪಂಚಾಯತ್ ಕಚೇರಿಯ ಎದುರುಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದವನು ನಾನು. ಬರೆಸಬಹುದೇ ಎಂದು ಮೊದಲು ಚಾವಡಿಯವರನ್ನು ಕೇಳಿಕೊಂಡು ಬಂದಿದ್ದೆ.

ಅವರಿಗೆ ಹೆಸರಿರಲಿಲ್ಲ ಎಂದಲ್ಲ. ಮತದಾರರ ಪಟ್ಟಿಯಲ್ಲಿ ಎಲ್ಲರಂತೆ ಅವರಿಗೂ ಒಂದು ಹೆಸರು, ಒಂದು ಮಸುಕಾದ ಭಾವಚಿತ್ರ ಇದ್ದವು. ಊರಿನಲ್ಲಿ ಮಾತ್ರ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎದುರಿಗೆ ‘ಒಡೆಯರೇ’, ಬೆನ್ನ ಹಿಂದೆ ‘ಚಾವಡಿಯವ್ರ್’. ನಾನೂ ಇಲ್ಲಿ ಹೇಳುವುದಿಲ್ಲ. ಅವರು ತೀರಿಕೊಂಡ ಮೇಲೆ ಸ್ಮರಣ ಸಂಚಿಕೆ ತರುತ್ತೇವೆಂದು ಊರವರು ನನ್ನಿಂದ ಲೇಖನ ಬರೆಸಿಕೊಂಡು ಹೋದರು. ಸಂಚಿಕೆಯನ್ನು ಅಚ್ಚಿಗೆ ಕೊಡಬಹುದೆಂದು ಹೇಳಬೇಕಾದವರು ಅವರೊಬ್ಬರೇ ಆಗಿದ್ದರಿಂದ ಅದು ಹಾಗೆಯೇ ಉಳಿದಿದೆ.

ನಾನು ಬ್ರಹ್ಮಾವರದ ಕಡೆಯವನು. ಪಂಚಾಯತ್ ಕಾರ್ಯದರ್ಶಿಯಾಗಿ ಆ ಊರಿಗೆ ವರ್ಗವಾದಾಗ ನನಗೆ ಹೇಳಿದ್ದು ಇಷ್ಟೇ: ಕುಂದಾಪುರದಿಂದ ಬೈಂದೂರಿನ ದಾರಿ ಹಿಡಿದು ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಹೊಳೆ ಸಿಗುತ್ತದೆ, ಹೊಳೆಯ ದಡದಲ್ಲಿ ಊರಿದೆ, ಊರಲ್ಲಿ ಜಗಳವಿಲ್ಲ. ಮೂರೂ ನಿಜವಾಗಿದ್ದವು. ಆ ಊರಲ್ಲಿ ಪಂಚಾಯತ್ ಚುನಾವಣೆ ಘೋಷಣೆಯಾಗುತ್ತಿತ್ತು, ನಾಮಪತ್ರ ಬೀಳುತ್ತಿತ್ತು, ಆದರೆ ಮತ ಹಾಕುವ ದಿನ ಬರುತ್ತಿರಲಿಲ್ಲ. ಒಂದು ಸ್ಥಾನಕ್ಕೆ ಒಂದೇ ಹೆಸರು. ಎಲ್ಲರೂ ಅವಿರೋಧ. ತಾಲೂಕು ಕಚೇರಿಯವರಿಗೆ ಇದೊಂದು ಮಾದರಿ ಗ್ರಾಮವಾಗಿ ಕಾಣುತ್ತಿತ್ತು. ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿದಾಗ ಆಗುವ ಮೌನಕ್ಕೂ ಶಾಂತಿ ಎಂದೇ ಹೆಸರು.

ಮೊದಲ ದಿನವೇ ಸದಸ್ಯರು ನನ್ನನ್ನು ಚಾವಡಿಗೆ ಕರೆದುಕೊಂಡು ಹೋದರು. ದೊಡ್ಡ ಹೆಬ್ಬಾಗಿಲು, ಅದರ ಒಳಗೆ ನಾಲ್ಕು ಕಂಬದ ಚಾವಡಿ, ಮಧ್ಯದಲ್ಲಿ ಬೆತ್ತದ ಒರಗುಕುರ್ಚಿ. ಕುರ್ಚಿಯಲ್ಲಿ ಬಿಳಿ ಮುಂಡಿನ, ಉದ್ದ ಬೆರಳಿನ, ಸಪೂರ ಮನುಷ್ಯ. ಪಕ್ಕದಲ್ಲಿ ಎಲೆಅಡಿಕೆಯ ಹಿತ್ತಾಳೆ ಹರಿವಾಣ. ಬೀದಿದೀಪದ ವಿಷಯ ಚರ್ಚೆಯಾಯಿತು. ಎಲ್ಲರೂ ಮಾತಾಡಿದರು, ಅವರೊಬ್ಬರನ್ನು ಬಿಟ್ಟು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸದಸ್ಯರಲ್ಲಿ ಹಿರಿಯರಾದ, ಹೊಳೆಬದಿಯ ಗದ್ದೆಗಳ ಮಂಜಣ್ಣ ನನ್ನ ತೊಡೆ ಚಿವುಟಿದರು.

“ಸೆಕ್ರೆಟ್ರಿಯವ್ರೆ, ಮುಖ ಕಾಂಬುದ್ ಎಂತಕೆ? ಮುಖದಂಗೆ ಎಂತದೂ ಸಿಕ್ಕುದಿಲ್ಲ. ಕೈ ಕಾಣಿ, ಕೈ.”

ಕೈ ಹರಿವಾಣದಿಂದ ಒಂದು ವೀಳ್ಯದೆಲೆಯನ್ನು ಎತ್ತಿತ್ತು. ಬೆನ್ನು ಒರೆಸಿತು. ಆಮೇಲೆ ತೊಟ್ಟು ಮುರಿಯಿತು. ಸಣ್ಣದೊಂದು ‘ಟಕ್’. ಆ ಸದ್ದಿಗೆ ಸದಸ್ಯರೆಲ್ಲ ಒಟ್ಟಿಗೆ ಎದ್ದುನಿಂತರು. ಬೀದಿದೀಪ ಮಂಜೂರಾಗಿತ್ತು.

ಹೊರಗೆ ಬಂದ ಮೇಲೆ ಮಂಜಣ್ಣ ನನಗೆ ಸಂವಿಧಾನವನ್ನು ವಿವರಿಸಿದರು. “ತೊಟ್ಟ್ ಮುರ್ದ್ರೆ ಆಯ್ತ್. ಎಲಿ ವಾಪಾಸ್ ಹರಿವಾಣಕ್ಕೆ ಇಟ್ರೆ ಆಯ್ಲಿಲ್ಲ.”

“ಕೈಯಲ್ಲೇ ಹಿಡಿದುಕೊಂಡು ಕೂತರೆ?”

“ನಾವೂ ಕೂಕಂಬುದ್.”

ಚಾವಡಿಯವರನ್ನು ದುಷ್ಟರೆಂದು ಬರೆಯಲು ನನಗೆ ಆಗುವುದಿಲ್ಲ. ಬರೆದರೆ ಈ ವ್ಯಕ್ತಿಚಿತ್ರ ಸುಲಭವಾಗುತ್ತಿತ್ತು. ಹೈಸ್ಕೂಲಿಗೆ ಜಾಗ ಕೊಟ್ಟವರು ಅವರು. ಉಳುವವನಿಗೇ ಭೂಮಿ ಎಂದ ಭೂಮಸೂದೆಯಲ್ಲಿ ಹೋದ ಗದ್ದೆಗಳ ಬಗ್ಗೆ ಒಮ್ಮೆಯೂ ಒಂದು ಕಹಿ ಮಾತು ಆಡಿದವರಲ್ಲ. ಒಕ್ಕಲಾಗಿದ್ದವರ ಮಕ್ಕಳು ಅದೇ ಚಾವಡಿಗೆ ಬೈಕಿನಲ್ಲಿ ಬಂದು ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದರು. ಭೂಮಿ ಹೋದದ್ದು ಕಾಗದದಲ್ಲಿ. ಚಪ್ಪಲಿ ಕಳಚುವುದರ ಬಗ್ಗೆ ಯಾವ ಮಸೂದೆಯೂ ಬಂದಿರಲಿಲ್ಲ.

ಒಮ್ಮೆ ವಿಧಾನಸಭೆಯ ಚುನಾವಣೆಗೆ ಯಾವುದೋ ಪಕ್ಷದ ಹುಡುಗರು ಕಾರಿನ ತುಂಬ ಬಾಟ್ಲಿ ತುಂಬಿಕೊಂಡು ಊರಿಗೆ ಬಂದರು. ಮೊದಲು ಚಾವಡಿಗೆ ಹೋಗಿ ಎಂದು ಯಾರೋ ಹೇಳಿದರು. ಚಾವಡಿಯವರು ಅವರಿಗೆ ಬೆಲ್ಲ ನೀರು ಕೊಡಿಸಿ ಸುಮ್ಮನೆ ಕೂತರು. ಹುಡುಗರು ಮಾತಾಡಿದರು. ಇನ್ನಷ್ಟು ಮಾತಾಡಿದರು. ಆಮೇಲೆ ಮಾತು ನಿಧಾನವಾಯಿತು, ಒಬ್ಬ ತನ್ನ ಮಾತನ್ನು ಅರ್ಧಕ್ಕೇ ಬಿಟ್ಟ, ಇನ್ನೊಬ್ಬ ಎದ್ದ. ಎಲ್ಲರೂ ಹೊರಟರು. ಅವಸರದಲ್ಲಿ ಒಬ್ಬನ ಚಪ್ಪಲಿ ಮೆಟ್ಟಿಲ ಹತ್ತಿರವೇ ಉಳಿಯಿತು. ಅದು ಮಳೆಬಿಸಿಲಿಗೆ ಸುಕ್ಕಾಗಿ ಅಲ್ಲೇ ಇರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ತೆಗೆದು ಬಿಸಾಡಲು ಯಾರಿಗೂ ಅಪ್ಪಣೆಯಾಗಿರಲಿಲ್ಲ.

ನೀವೇ ಯಾಕೆ ಚುನಾವಣೆಗೆ ನಿಲ್ಲಬಾರದು ಎಂದು ಒಮ್ಮೆ ಕೇಳಿದ್ದೆ.

“ನಾನ್ ನಿಂತ್ರೆ ಎದ್ರ್ ಯಾರೂ ನಿಲ್ಲುದಿಲ್ಲ. ಎದ್ರ್ ಯಾರೂ ಇಲ್ದಿಪ್ಪಲ್ಲಿ ನಿಲ್ಲುದಕ್ಕಿಂತ ಕೂಕಂಬುದ್ ಮರ್ಯಾದಿ,” ಎಂದರು.

ಅವರು ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದು ಒಂದೇ ಸಲ. ಒಂದು ಮಧ್ಯಾಹ್ನ ನಾನು ಯಾವುದೋ ಕಾಗದಕ್ಕೆ ಹೋದಾಗ ಚಾವಡಿಯಲ್ಲಿ ಅವರೊಬ್ಬರೇ ಇದ್ದರು. ಕೈಯಲ್ಲಿ ಎಲೆ. ನನ್ನನ್ನು ಕಂಡೊಡನೆ ಕೈ ನಿಂತಿತು.

“ನೀವ್ ಎಂತಾರೂ ಕೇಣುಕೆ ಬಂದದ್ದಾ?”

“ಇಲ್ಲ, ಕಾಗದ ಕೊಡಲು ಬಂದದ್ದು.”

“ಕೇಣುಕೆ ಎಂತದೂ ಇಲ್ಯಲ್ದಾ?” ಇನ್ನೊಮ್ಮೆ ಖಚಿತಪಡಿಸಿಕೊಂಡ ಮೇಲೆಯೇ ತೊಟ್ಟು ಮುರಿದು, ಸುಣ್ಣ ಸವರಿ, ಕವಳವನ್ನು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಜಗಿದರು. ಹಸಿದವರು ಉಂಡ ಹಾಗೆ.

“ಸುರುವಿಗೆ ಇದೆಲ್ಲ ಇದ್ದಿಲ್ಲ ಕಾಣಿ,” ಎಂದರು ಆಮೇಲೆ. “ಹೈಸ್ಕೂಲ್ ಇಲ್ಲ್ ಆಯ್ಕಾ, ಆಚಿ ಊರಂಗೆ ಆಯ್ಕಾ ಅಂದ್ಹೇಳಿ ಎಲ್ಲರೂ ಇಲ್ಲೇ ಕೂಕಂಡ್ ಗಲಾಟಿ. ನಂಗೆ ಬಾಯಿ ಒಣಗಿತ್. ಒಂದ್ ಎಲಿ ತಕಂಡ್ ತೊಟ್ಟ್ ಮುರ್ದೆ. ಎಲ್ಲರೂ ಗಪ್‌ಚಿಪ್. ಹೈಸ್ಕೂಲ್ ಇಲ್ಲೇ ಆಯ್ತ್.”

“ಒಳ್ಳೆಯದೇ ಆಯಿತಲ್ಲ.”

“ಒಳ್ಳೇದೇ. ಅಲ್ಲಿಂದ ಮ್ಯಾಲೆ ಆಸಿ ಆದಾಗ ಒಂದ್ ಕವಳ ಹಾಕುಕೆ ಎಡಿತಿಲ್ಲ. ಯಾರ್ ಎಂತ ಮಾತಾಡ್ತಾ ಇತ್ರ್ ಅಂದ್ಹೇಳಿ ಮೊದ್ಲ್ ಕೇಂಡ್ಕಂಬ್ಕ್.”

ನಾನು ನಕ್ಕೆ. ಅವರು ನಗಲಿಲ್ಲ. ಆ ದಿನದಿಂದ ನನಗೊಂದು ಅಸುಖ ಶುರುವಾಯಿತು. ಊರಿನ ಯಾವ ರಸ್ತೆ ತೀರ್ಮಾನದಿಂದ ಆದದ್ದು, ಯಾವುದು ಬಾಯಿ ಒಣಗಿ ಆದದ್ದು ಎಂದು ನಡೆಯುವಾಗೆಲ್ಲ ಯೋಚನೆ ಬರುತ್ತಿತ್ತು. ಎರಡೂ ರಸ್ತೆಗಳು ಕಾಲಿಗೆ ಒಂದೇ ರೀತಿ ಇದ್ದವು.

ಇದೇ ಸಂಶಯ ನನಗಿಂತ ಮೊದಲೇ ಇನ್ನೊಬ್ಬಳಿಗೆ ಬಂದಿತ್ತು. ಅವಳು ಗಿರಿಜ. ಹೊಳೆದಂಡೆಯ ಕೇರಿಯವಳು. ಗಂಗೊಳ್ಳಿಯಿಂದ ಮೀನು ತಂದು ಊರೂರಿಗೆ ಮಾರುವವಳು, ಬಸ್ಸಿನ ಕಂಡಕ್ಟರನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಎಲ್ಲರ ಬಾಯಿ ಮುಚ್ಚಿಸಬಲ್ಲವಳು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ವರ್ಷ ಚಾವಡಿಯಲ್ಲಿ ಕೆಲವು ಹೆಸರುಗಳನ್ನು ಓದಿದರು. ಗಿರಿಜಳ ಹೆಸರು ಬಂದಾಗ ‘ಟಕ್’ ಎಂದಿತು. ಸದಸ್ಯರ ಮುಖ ಕಪ್ಪಿಟ್ಟಿತು, ಆದರೆ ಎಲ್ಲರೂ ಎದ್ದುನಿಂತರು.

“ನನ್ನ ಅಧ್ಯಕ್ಷಿ ಮಾಡಿದ್ದ್ ಎಲಿ ಮಾರಾಯ್ರೆ, ಜನ ಅಲ್ಲ,” ಎಂದಿದ್ದಳು ಅವಳು ನನ್ನ ಹತ್ತಿರ, ಅಧಿಕಾರ ವಹಿಸಿಕೊಂಡ ದಿನವೇ. “ಅವತ್ತ್ ಉಂಡ್ ಸುಮಾರ್ ಹೊತ್ತ್ ಆಯಿತ್ತ್. ಅವ್ರಿಗೆ ಕವಳದ್ ಹೊತ್ತ್. ಯಾರ್ ಹೆಸ್ರ್ ಬಂದಿದ್ರೂ ಮುರಿತಿದ್ರ್.”

“ಹಾಗೇಕೆ ಅಂದುಕೊಳ್ಳಬೇಕು?”

“ಅಂದ್ಕಂಬುದಲ್ಲ. ಒಂದ್ ಸಲ ಆರೂ ನಂಗೆ ಯಾರಾರೂ ಓಟ್ ಹಾಕ್ಕ್. ನಾಕ್ ಜನ ಹಾಕಿದ್ರೂ ಅಡ್ಡಿಲ್ಲ. ಅದ್ ನನ್ದ್.”

ಚಾವಡಿಯವರಿಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತು ಹೋದದ್ದು ಆಡಳಿತಕ್ಕೆ ತೊಂದರೆಯಾಗಲಿಲ್ಲ, ಮೊದಲೂ ಅದರ ಬಳಕೆ ಇರಲಿಲ್ಲ. ಕೈಯದೇ ತೊಡಕು. ಮಂಜಣ್ಣ ದಾರಿ ಕಂಡುಹಿಡಿದರು. ಎಲೆಯನ್ನು ಅವರ ಎಡಗೈಯ ಅಂಗೈಯಲ್ಲಿ ಇಡುವುದು. ಎಲೆ ನಿಂತರೆ ಆಯ್ತು, ಕೈ ನಡುಗಿ ಬಿದ್ದರೆ ಆಯ್ಲಿಲ್ಲ. ಸದಸ್ಯರೆಲ್ಲ ಬಗ್ಗಿ ಆ ಅಂಗೈಯನ್ನು ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದು ಸಲ ಒಂದು ಮೋರಿಯ ಕಾಮಗಾರಿ ಒಪ್ಪಿಗೆಯಾಗಿ ಎಲ್ಲರೂ ಎದ್ದುನಿಂತ ಮೇಲೆ ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಬಾಯಿ ತೆರೆದಿತ್ತು. ಅವರು ಗಾಢವಾಗಿ ನಿದ್ದೆ ಮಾಡುತ್ತಿದ್ದರು. ನಾನು ನೋಡಿದ್ದನ್ನು ಮಂಜಣ್ಣನೂ ನೋಡಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುತ್ತ ಬಂದಾಗ ಅವರು ತೀರಿಕೊಂಡರು.

ನಮ್ಮ ಕಡೆ ಸತ್ತವರ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಅವರಿಗೆ ಒಳಗಿನ ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ದೀಪವಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವ ಕ್ರಮವಿದೆ. ಹೋದವರು ಬಂದು ಉಂಡು ಹೋಗಲಿ ಎಂದು. ಚಾವಡಿಯವರ ತಂಗಿಯ ಮಗಳು, ಆ ಮನೆಯನ್ನು ನಡೆಸುವ ಸುಮತಿಯಕ್ಕ, ತಾನೇ ಬಡಿಸಿದರು. ಊಟದ ಪಕ್ಕಕ್ಕೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಬಾಗಿಲು ಮುಂದೆ ಮಾಡಿದರು. ಊರೆಲ್ಲ ಚಾವಡಿಯಲ್ಲಿ ನಿಂತಿತ್ತು. ಮಧ್ಯಾಹ್ನದ ಬಿಸಿಲು, ಹೊರಗೆ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಆಗ ಒಳಗಿನಿಂದ ಆ ಸದ್ದು ಕೇಳಿತು.

ಹಲ್ಲಿ ಇರಬೇಕು. ನಾನು ಸರಕಾರಿ ನೌಕರ; ನನ್ನ ಮಟ್ಟಿಗೆ ಅದು ಹಲ್ಲಿ. ಆದರೆ ಆ ಸದ್ದಿಗೆ ಪಂಚಾಯತಿನ ಸದಸ್ಯರೆಲ್ಲ ನಿಂತಲ್ಲಿಯೇ ಮೈ ನೆಟ್ಟಗೆ ಮಾಡಿಕೊಂಡರು.

ಬಾಗಿಲು ತೆಗೆದಾಗ ಅನ್ನ ಹಾಗೆಯೇ ಇತ್ತು, ಪಾಯಸ ಹಾಗೆಯೇ ಇತ್ತು. ಒಂದು ವೀಳ್ಯದೆಲೆಯ ತೊಟ್ಟು ಮುರಿದು ಪಕ್ಕಕ್ಕೆ ಬಿದ್ದಿತ್ತು.

“ನಾನ್ ಇಡಿ ಎಲಿ ಇಟ್ಟದ್ದ್,” ಎಂದರು ಸುಮತಿಯಕ್ಕ. ಅವರ ದನಿ ತಣ್ಣಗಿತ್ತು.

ಜನ ಹೆದರಿದರು ಎಂದುಕೊಂಡರೆ ತಪ್ಪು. ಆ ಊರಿನವರು ಮಾತ್ರ ಮಾಡಬಹುದಾದ ಒಂದು ಕೆಲಸ ಮಾಡಿದರು. ಅವರಿಗೆ ಚಿಂತೆ ಹತ್ತಿದ್ದು ತೊಟ್ಟು ಮುರಿದದ್ದು ಯಾರು ಎಂಬುದರ ಬಗ್ಗೆ ಅಲ್ಲ.

“ಒಪ್ಪಿಗಿ ಆಯ್ತ್,” ಎಂದರು ಮಂಜಣ್ಣ ಪಿಸುದನಿಯಲ್ಲಿ. “ಯಾವ್ದಕ್ಕೆ?”

ಯಾರೂ ಏನನ್ನೂ ಕೇಳಿರಲಿಲ್ಲ. ಒಪ್ಪಿಗೆ ಬಂದಿತ್ತು, ಪ್ರಶ್ನೆ ಇರಲಿಲ್ಲ. ಸಂಜೆಯ ಹೊತ್ತಿಗೆ ಮುರಿದ ತೊಟ್ಟಿನ ಫೋಟೋ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಬಂತು, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಒಬ್ಬರು ಅದು ಶಾಲೆಯ ಕಾಂಪೌಂಡಿಗೆ ಎಂದರು, ಇನ್ನೊಬ್ಬರು ಹೊಸ ಬಸ್‌ಸ್ಟ್ಯಾಂಡಿಗೆ ಎಂದರು. ತಪ್ಪು ಕೆಲಸಕ್ಕೆ ಆ ಒಪ್ಪಿಗೆಯನ್ನು ಖರ್ಚು ಮಾಡಿದರೆ ಏನು ಗತಿ ಎಂದು ಯಾವುದನ್ನೂ ಮಾಡಲಿಲ್ಲ.

ಪಂಚಾಯತ್ ಸಭೆಗಳು ನಡೆದವು. ಪ್ರತಿ ವಿಷಯವನ್ನು ಓದಿದ ಮೇಲೆ ಒಂದು ಮೌನ ಬರುತ್ತಿತ್ತು. ಒಂದು ಎಲೆಯನ್ನು ಎತ್ತಿ, ಬೆನ್ನು ಒರೆಸಿ, ತೊಟ್ಟಿಗೆ ಬೆರಳಿಡುವಷ್ಟು ಉದ್ದದ ಮೌನ. ಫ್ಯಾನು ತಿರುಗುತ್ತಿತ್ತು. ಎಲ್ಲರ ಕಣ್ಣು ಮೇಜಿನ ತುದಿಯ ಖಾಲಿ ಜಾಗದ ಮೇಲೆ, ಕುರ್ಚಿಯಲ್ಲಿ ಕೂತವರ ಕೈ ಇರುವಷ್ಟೇ ಎತ್ತರದಲ್ಲಿ. ಚಾವಡಿಯವರು ಬದುಕಿದ್ದಾಗ ಒಮ್ಮೆಯೂ ಆ ಕಚೇರಿಗೆ ಕಾಲಿಟ್ಟವರಲ್ಲ. ಸತ್ತ ಮೇಲೆ ತಪ್ಪದೆ ಹಾಜರಾಗುತ್ತಿದ್ದರು. ಸದ್ದು ಕೇಳದೆ ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು.

ಹೀಗೆ ಮುಂದೆ ಹೋಗಲಾರದ ವಿಷಯ ಒಂದಿತ್ತು. ಹೊಳೆಗೆ ಕಿಂಡಿ ಅಣೆಕಟ್ಟಿದೆ. ಮಳೆ ನಿಂತು ಹೊಳೆಯ ಸೆಳವು ಇಳಿದ ಮೇಲೆ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಬೇಕು. ಇಲ್ಲದಿದ್ದರೆ ಉಬ್ಬರಕ್ಕೆ ಕಡಲಿನ ನೀರು ಮೇಲಕ್ಕೆ ಬಂದು ಕೇರಿಯ ಬಾವಿಗಳಿಗೆ ಇಳಿಯುತ್ತದೆ. ಒಮ್ಮೆ ಉಪ್ಪಾದ ಬಾವಿ ಮುಂದಿನ ಮಳೆಯವರೆಗೆ ಉಪ್ಪು. ಆದರೆ ಬೇಗ ಹಲಗೆ ಹಾಕಿದರೆ ತಗ್ಗಿನ ಗದ್ದೆಯಲ್ಲಿ ನೀರು ನಿಂತು ಕೊಯ್ಲಿನ ಯಂತ್ರ ಇಳಿಯುವುದಿಲ್ಲ. ಹಾಗಾಗಿ ಪ್ರತಿವರ್ಷ ಕೇರಿಯವರು ನಾಳೆಯೇ ಎನ್ನುವರು, ತಗ್ಗಿನ ಗದ್ದೆಯವರು ಮುಂದಿನ ವಾರ ಎನ್ನುವರು, ಚಾವಡಿಯವರ ಬೆರಳು ದಿನವನ್ನು ಹೇಳುವುದು. ಹಲಗೆಗಳು ಪಂಚಾಯತಿನವು, ಇರುವುದು ಚಾವಡಿಯ ಅಂಗಳದ ಮಾಡಿನಡಿ.

ಗಿರಿಜ ಸಭೆ ಕರೆದಳು. “ಕೇರಿ ಬಾವಿಯಂಗೆ ಈಗಳೇ ನೀರ್ ಒಂಚೂರ್ ಉಪ್ಪ್ ಆಯ್ತ್. ಅಮಾಸಿ ಉಬ್ಬರ ಬಪ್ಪದ್ರೊಳ್ಗೆ ಹಲಗಿ ಹಾಕ್ಕ್. ಹೌದ್ ಅಂಬೋರ್ ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ.

“ಬ್ಯಾಡ ಅಂಬೋರ್ ಎತ್ತಿ.”

ಆಗಲೂ ಏಳಲಿಲ್ಲ. ನಿಜವಾಗಿ ಬೇಡವಾಗಿದ್ದ ಮಂಜಣ್ಣನ ಕೈ ಕೂಡ ತೊಡೆಯ ಮೇಲೆಯೇ ಇತ್ತು. ಕೈಯೆತ್ತುವುದು ಅವರಿಗೆ ಗೊತ್ತಿಲ್ಲದ ಕೆಲಸ ಎಂದು ನನಗೆ ಆ ಹೊತ್ತಿಗೆ ಹೊಳೆಯಿತು. ಅವರೆಲ್ಲ ಮೇಜಿನ ತುದಿಯನ್ನು ನೋಡುತ್ತಿದ್ದರು.

“ಹ್ವಾಯ್ ಮಂಜಣ್ಣ, ಅಲ್ಲ್ ಎಂತ ಕಾಂತಿತ್ತ್ ನಿಮ್ಗೆ?” ಎಂದಳು ಗಿರಿಜ.

“ಎಂತ ಇಲ್ಲ ಮಾರಾಯ್ತಿ. ಆರೆ, ಒಂದ್ ಮಾತ್ ಕೇಣ್ದೆ ಹ್ಯಾಂಗೆ?”

“ಯಾರ್ ಹತ್ರ?”

ಮಂಜಣ್ಣ ಮತ್ತೆ ಮೇಜಿನ ತುದಿಯತ್ತ ಕಣ್ಣು ಹಾಯಿಸಿದರು.

ಮರುದಿನ ಬೆಳಿಗ್ಗೆ ಗಿರಿಜ ಕೇರಿಯ ನಾಲ್ಕಾರು ಗಂಡಸರನ್ನು ಕರೆದುಕೊಂಡು ಚಾವಡಿಗೆ ಹೋದಳು. ಕಾನೂನು ಪ್ರಕಾರ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಸುಮತಿಯಕ್ಕ ಅಂಗಳದಲ್ಲಿದ್ದರು. ಹಲಗೆ ಬೇಕೆಂದಾಗ, “ನಂಗೆ ಎಂತ ಗೊತ್ತ್? ಮಾವನ್ ಕೇಣಿ,” ಎಂದರು. ತಮಾಷೆಗೆ ಹೇಳಿದವರಲ್ಲ.

ಗಿರಿಜ ಮೆಟ್ಟಿಲು ಹತ್ತಿ ಖಾಲಿ ಕುರ್ಚಿಯ ಎದುರು ನಿಂತಳು. ಕುರ್ಚಿಯ ಪಕ್ಕದಲ್ಲಿ ಹರಿವಾಣ, ಅದರಲ್ಲಿ ಅಂದಿನ ಹಸಿ ಎಲೆ. ದಿನವೂ ಇಡುತ್ತಿದ್ದರೆಂದು ಕಾಣುತ್ತದೆ.

“ಒಡೆಯರೇ, ಹಲಗಿ ತಕಂಡ್ ಹೋತೆ. ಬ್ಯಾಡ ಅಂದ್ರೆ ಈಗಳೇ ಹೇಳಿ.”

ಅವಳು ಕಾದಳು. ಕೇರಿಯ ಗಂಡಸರೂ ಕಾದರು. ಗಾಳಿಯಿರಲಿಲ್ಲ, ಅಂಗಳದಲ್ಲಿ ಒಣಹಾಕಿದ ಬಟ್ಟೆ ಅಲುಗುತ್ತಿರಲಿಲ್ಲ. ನಾನು ಆ ಎಲೆಗಳನ್ನು ನೋಡಬಾರದೆಂದುಕೊಂಡೇ ನೋಡುತ್ತಿದ್ದೆ.

“ಹೇಳಿಲ್ಲ,” ಎಂದಳು ಗಿರಿಜ. “ಎತ್ತಿ.”

ಮೊದಲ ಹಲಗೆ ನೆಲದಿಂದ ಮೇಲೆದ್ದದ್ದೇ ತಡ, ಬೆತ್ತದ ಕುರ್ಚಿ ‘ಕಿರ್’ ಎಂದಿತು. ಕೂತಿದ್ದವರು ಏಳುವಾಗ ಆಗುವ ಸದ್ದು. ಹಲಗೆ ಹಿಡಿದಿದ್ದ ಇಬ್ಬರೂ ಕೈಬಿಟ್ಟರು. ಸುಮತಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಿರಿಜ ಒಂದು ಹೆಜ್ಜೆ ಹಿಂದಿಟ್ಟು, ಮತ್ತೆ ಮುಂದಿಟ್ಟಳು.

“ಕುರ್ಚಿಗೂ ವಯಸ್ಸಾಯ್ತ್,” ಎಂದಳು ಅವಳು. “ಎತ್ತಿ ಮಾರಾಯ್ರೆ. ಅವ್ರ್ ಎದ್ದಿರೆ ಒಂದ್ ಕೈ ಹಿಡಿಲಿ.”

ಆ ದಿನ ಸಂಜೆಯೊಳಗೆ ಹಲಗೆ ಇಳಿಯಿತು. ಅಮಾವಾಸ್ಯೆಯ ಉಬ್ಬರ ಬಂದು ಹಲಗೆಗೆ ತಾಗಿ ಹಿಂದಕ್ಕೆ ಹೋಯಿತು. ಮಂಜಣ್ಣನ ಗದ್ದೆಯಲ್ಲಿ ನೀರು ನಿಂತು, ಯಂತ್ರ ಇಳಿಯಲಾರದೆ, ಪೈರಿನ ಒಂದು ಭಾಗ ಮಲಗಿತು. ಅವರು ಆಳುಗಳನ್ನು ಹಿಡಿದು ಕೈಯಲ್ಲಿ ಕೊಯ್ಯಿಸಿದರು.

ಊರು ಈಗ ನಿರಾಳವಾಯಿತು. ಬೊಜ್ಜದ ದಿನದ ಒಪ್ಪಿಗೆ ಯಾವುದಕ್ಕೆ ಎಂದು ಕೊನೆಗೂ ಗೊತ್ತಾಗಿತ್ತು. “ಚಾವಡಿಯವ್ರ್ ಮೊದ್ಲೇ ಒಪ್ಪಿದ್ರ್ ಕಾಣಿ. ಕುರ್ಚಿಯಿಂದ ಎದ್ದ್ ಹಲಗಿ ಕೊಟ್ರ್ ಅಂಬ್ರ್,” ಎಂದು ಮೀನಂಗಡಿಯಲ್ಲಿ ಗಿರಿಜಳ ಎದುರಿಗೇ ಹೇಳಿದರು. ಒಪ್ಪಿಗೆ ಇತ್ತು ಎಂದವರೇ, ಅವಳು ಒಪ್ಪಿಗೆ ಕೇಳದೆ ಹಲಗೆ ಎತ್ತಿದಳು, ಅಹಂಕಾರ, ಎಂದೂ ಹೇಳಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಅವರಿಗೆ ಕಷ್ಟವಾಗಲಿಲ್ಲ.

ಅವಳು ಕಚೇರಿಗೆ ಬಂದು ನನ್ನೆದುರು ಕೂತಳು. “ಜೀವಮಾನದಂಗೆ ಒಂದ್ ಕೆಲ್ಸ ನಾನೇ ಮಾಡಿದ್ದ್. ಅದನ್ನೂ ಅವ್ರೇ ತಕಂಡ್ ಹೋಯ್ರಲೆ ಸೆಕ್ರೆಟ್ರಿಯವ್ರೆ.”

ಆ ಮನುಷ್ಯ ಏನನ್ನೂ ತೆಗೆದುಕೊಂಡವರಲ್ಲ ಎಂಬುದು ನನಗೆ ಗೊತ್ತಿತ್ತು. ಅವರ ಕೈಗೆ ಜನ ತಂದು ತುಂಬಿದ್ದು. ಬದುಕಿದ್ದಾಗ ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ, ಈಗಂತೂ ಕೇಳುವುದೇ ಬೇಡ. ಒಂದು ಮಧ್ಯಾಹ್ನ ನಾನು ಕಂಡ, ಕಣ್ಣು ಮುಚ್ಚಿ ಆಸೆಯಿಂದ ಕವಳ ಜಗಿಯುತ್ತಿದ್ದ ಆ ಮುಖ, ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಊರಿಗೆ ಬೇಕಾದದ್ದು ಅವರ ಬೆರಳು ಮಾತ್ರ.

ಮುಂದಿನ ಚುನಾವಣೆಗೆ ಎಂದಿನಂತೆ ಒಂದೊಂದು ಸ್ಥಾನಕ್ಕೆ ಒಂದೊಂದೇ ಹೆಸರು ಎಂದು ಮಾತಾಯಿತು. ಗಿರಿಜಳ ಹೆಸರೂ ಇತ್ತು. ಚಾವಡಿಯವರು ಇಟ್ಟವಳನ್ನು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ನೇರವಾಗಿ ಮಂಜಣ್ಣನ ಗದ್ದೆಗೆ ಹೋದಳು. ಅವರ ವಾರ್ಡೂ ಇವಳದೂ ಒಂದೇ, ಆ ಸಲ ಅವಳ ಸ್ಥಾನ ಮೀಸಲಿಲ್ಲದ ಸಾಮಾನ್ಯ ಸ್ಥಾನವಾಗಿತ್ತು.

“ಮಂಜಣ್ಣ, ನಿಮ್ಗೆ ನನ್ನ ಮ್ಯಾಲೆ ಸಿಟ್ಟ್ ಇತ್ತಲ್ದಾ?”

“ಇಲ್ದೇ? ಭತ್ತ ಹೋಯ್ತ್.”

“ಹಾಂಗಾರೆ ನನ್ನೆದ್ರ್ ನಿಲ್ಲಿ ಕಾಂಬ.”

“ನೀ ಸೋಲ್ತೆ ಮಾರಾಯ್ತಿ.”

“ಸೋಲ್ಸಿ. ಎಣ್ಸಿ ಸೋಲ್ಸಿ.”

ಮಂಜಣ್ಣ ನಾಮಪತ್ರ ಹಾಕಿದರು. ಆ ಊರಿನಲ್ಲಿ ಮೊದಲ ಬಾರಿಗೆ ಪಂಚಾಯತ್ ಚುನಾವಣೆಗೆ ಮತಗಟ್ಟೆ ತೆರೆಯಿತು. ಕೇರಿಯ ಬಾವಿಗಳ ನೀರು ಸಿಹಿಯಾಗಿಯೇ ಇತ್ತು. ಗಿರಿಜ ಸೋತಳು.